ಹಾಸಿಗೆ ಹಿಡಿದ ಕಂದನಿಗೆ ಕೈಶುಚಿಯೇ ಕಾವಲು

ಮನೆಯಲ್ಲಿ ಮಗುವೊಂದು ಮಲಗಿದರೆ ಇಡೀ ಮನೆಯೇ ಮಂಕಾಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮಕ್ಕಳಿಗೆ ಕಾಯಿಲೆ ಬಿಗಡಾಯಿಸಿದಾಗ ಹಾಸನಕ್ಕೋ, ಅಲ್ಲಿಂದ ಮುಂದೆ ಮೈಸೂರು, ಬೆಂಗಳೂರಿಗೋ ಕರೆದೊಯ್ಯುವುದುಂಟು. ಹಾಸನದಲ್ಲಿ 2006ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಬೋಧನಾಸ್ಪತ್ರೆಯ ಸೌಲಭ್ಯ ಜಿಲ್ಲೆಗೇ ಬಂದಿದೆ. ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಗುವಿನ ಕತ್ತಿನ ಬಳಿ ಸಣ್ಣ ನಳಿಕೆಯೊಂದನ್ನು ಕಂಡ ತಾಯಿ ಗಾಬರಿಗೊಳ್ಳುವುದು ಸಹಜ. ಆ ನಳಿಕೆಯ ವಿಚಾರವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಕೈಗೆ ಹಾಕುವ ಡ್ರಿಪ್ ಚಿಕ್ಕ ರಕ್ತನಾಳಕ್ಕೆ ಸೇರಿದ್ದು. ಸೆಂಟ್ರಲ್ ಲೈನ್ ಎಂಬ ಈ ನಳಿಕೆಯಾದರೋ ಕತ್ತು, ಎದೆಯ ಮೇಲ್ಭಾಗ ಅಥವಾ ತೊಡೆಯ ಸಂದಿನ ದೊಡ್ಡ ನಾಳದೊಳಗೆ ಸಾಗಿ, ಸಾಮಾನ್ಯವಾಗಿ ಹೃದಯದ ಸಮೀಪದವರೆಗೆ ತಲುಪುತ್ತದೆ. ತೀಕ್ಷ್ಣವಾದ ಔಷಧಿಗಳನ್ನೂ, ಉಣ್ಣಲಾರದ ಶಿಶುವಿಗೆ ಪೋಷಕ ದ್ರವವನ್ನೂ ಇದರ ಮೂಲಕವೇ ಕೊಡುತ್ತಾರೆ. ಜೀವ ಉಳಿಸುವ ಈ ದಾರಿಯೇ ರೋಗಾಣುಗಳಿಗೂ ರಕ್ತದೊಳಕ್ಕೆ ನೇರ ದಾರಿಯಾಗಬಲ್ಲದು. ಚರ್ಮದ ಮೇಲಿನ ಅಥವಾ ನಳಿಕೆಯ ಹೊರತುದಿಯ ರೋಗಾಣು ಒಳಹೊಕ್ಕರೆ ರಕ್ತವೇ ನಂಜಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೂ ಇದು ಪ್ರಾಣಾಂತಿಕವಾಗಬಹುದು.

ಸಮಾಧಾನದ ಸಂಗತಿಯೆಂದರೆ, ಇದನ್ನು ಬಹುಮಟ್ಟಿಗೆ ತಡೆಯಬಹುದು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ವೈದ್ಯ ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ಐದು ಸರಳ ನಿಯಮಗಳನ್ನು ಪಾಲಿಸುವಂತೆ ಮಾಡಿದರು: ಕೈ ತೊಳೆಯುವುದು, ನಳಿಕೆ ಹಾಕುವಾಗ ಶುದ್ಧವಾದ ಗೌನು, ಕೈಗವಸು ಧರಿಸಿ ರೋಗಿಗೆ ಪೂರ್ಣ ಹೊದಿಕೆ ಹಾಸುವುದು, ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಚರ್ಮ ಶುದ್ಧಿಗೊಳಿಸುವುದು, ಸಾಧ್ಯವಾದಷ್ಟು ತೊಡೆಯ ನಾಳವನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು. ಸಾವಿರ ನಳಿಕೆ-ದಿನಗಳಿಗೆ ಸರಾಸರಿ 7.7ರಷ್ಟಿದ್ದ ಸೋಂಕು ಹದಿನೆಂಟು ತಿಂಗಳಲ್ಲಿ 1.4ಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಮಕ್ಕಳ 29 ಘಟಕಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯತ್ನದಲ್ಲಿ ಸೋಂಕು ಶೇ. 43ರಷ್ಟು ಕಡಿಮೆಯಾಯಿತು. ಮಕ್ಕಳಲ್ಲಿ ನಳಿಕೆಯನ್ನು ಹಾಕುವ ಗಳಿಗೆಗಿಂತಲೂ ಆಮೇಲಿನ ದಿನನಿತ್ಯದ ಜೋಪಾನವೇ ಮುಖ್ಯವೆಂದು ಅದರಿಂದ ತಿಳಿದುಬಂದಿತು.

ಈ ಜೋಪಾನದಲ್ಲಿ ಮನೆಯವರ ಪಾಲೂ ಇದೆ. ಮಗುವನ್ನು ಮುಟ್ಟುವ ಮುನ್ನ ಸಾಬೂನಿನಿಂದ ನಲವತ್ತರಿಂದ ಅರವತ್ತು ಸೆಕೆಂಡು ಕೈ ತೊಳೆಯಬೇಕು. ನಳಿಕೆಯ ಮೇಲಿನ ಪಟ್ಟಿ ಒದ್ದೆಯಾದರೆ, ಸಡಿಲವಾದರೆ, ಅಲ್ಲಿ ಕೆಂಪು, ಕೀವು ಕಂಡರೆ, ಮಗುವಿಗೆ ಜ್ವರ, ನಡುಕ ಬಂದರೆ ಆ ಕೂಡಲೇ ದಾದಿಗೆ ತಿಳಿಸಬೇಕು. ಔಷಧಿ ಸೇರಿಸುವ ಮುನ್ನ ನಳಿಕೆಯ ತುದಿಯನ್ನು ಸ್ಪಿರಿಟ್ಟಿನಿಂದ ಉಜ್ಜಿ ಒಣಗಲು ಬಿಡುವುದು ದಾದಿಯರ ಕ್ರಮ. ಅವಸರದಲ್ಲಿ ಅದು ತಪ್ಪಿದಂತೆ ಕಂಡರೆ ವಿನಯದಿಂದ ನೆನಪಿಸಬಹುದು. “ಸಿಸ್ಟರ್, ಕೈ ಶುದ್ಧ ಮಾಡಿಕೊಂಡಿರಾ?”, “ಡಾಕ್ಟರೇ, ಈ ನಳಿಕೆ ಇವತ್ತೂ ಬೇಕೇ?” ಎಂದು ಕೇಳಲು ನಮ್ಮ ತಾಯಂದಿರು ಸಂಕೋಚಪಡುತ್ತಾರೆ. ಇದು ಅಗೌರವವಲ್ಲ, ಮಗುವಿನ ಪರವಾಗಿ ಆಡಬೇಕಾದ ಮಾತು.

ಕೆಲವು ಮಕ್ಕಳು ನಳಿಕೆಯೊಂದಿಗೇ ಊರಿಗೆ ಮರಳುತ್ತಾರೆ. ಆಗ ನಮ್ಮ ಮನೆಯೇ ವಾರ್ಡು. ಆಸ್ಪತ್ರೆಯಲ್ಲಿ ಕಲಿಸಿದವರ ಹೊರತು ಇನ್ನಾರೂ ನಳಿಕೆಯನ್ನು ಮುಟ್ಟಕೂಡದು. ಸ್ನಾನದಲ್ಲಿ ಪಟ್ಟಿ ನೆನೆಯಕೂಡದು. ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಕೊನೆಯದಾಗಿ ಬಂಧುಗಳಲ್ಲಿ ಒಂದು ಮಾತು. ಕಾಯಿಲೆಯವರನ್ನು ನೋಡಿಬರುವುದು ನಮ್ಮಲ್ಲಿ ಬೆಳೆದುಬಂದ ಸತ್ಸಂಪ್ರದಾಯ. ಆದರೆ ಬಸ್ಸಿಳಿದು ನೇರವಾಗಿ ಬಂದು ಮಗುವಿನ ಮೈದಡವುವುದು ಅಪಾಯಕರ. ಪ್ರೀತಿಯಿಂದ ತಂದ ವಿಭೂತಿಯನ್ನು ದಾದಿಯರ ಒಪ್ಪಿಗೆ ಪಡೆದು, ಕೈ ತೊಳೆದು, ಹಣೆಗಷ್ಟೇ ಹಚ್ಚಿರಿ. ಅದರ ಪುಡಿ ನಳಿಕೆಯ ಬಳಿ ಬೀಳದಿರಲಿ. ಪೂಜೆಗೆ ಕೂರುವ ಮುನ್ನ ಕೈ ತೊಳೆಯುವ ನಾವು ಕಂದನ ಹಾಸಿಗೆಯ ಬಳಿಯೂ ಅದೇ ಶುಚಿತ್ವವನ್ನು ಪಾಲಿಸಿದರೆ, ಅದು ಆ ಮಗುವಿಗೆ ನಾವು ಕೊಡಬಹುದಾದ ದೊಡ್ಡ ಆಶೀರ್ವಾದವಾದೀತು.