ಬುಗ್ಗೆಯ ನೀರಿನಲ್ಲಿ ಎರಡು ನೀಲಿ ಗೆರೆ

ಜರ್ಮನಿಯ ಡ್ಯುರ್ಕ್‌ಹೈಮ್ ದ್ರಾಕ್ಷಿತೋಟಗಳ ನಡುವಿನ ಊರು. ಅಲ್ಲಿ ಉಪ್ಪುನೀರಿನ ಬುಗ್ಗೆಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಯಿಲೆಯವರು ಆ ನೀರನ್ನು ಕುಡಿಯಲು, ಅದರಲ್ಲಿ ಮೀಯಲು ಬರುತ್ತಿದ್ದರು. ಯುರೋಪಿನ ಇಂಥ ಊರುಗಳಲ್ಲೆಲ್ಲ ಆಗ ವೈದ್ಯರು ಕೇಳುತ್ತಿದ್ದುದು ಒಂದೇ: ಈ ನೀರಿನಲ್ಲಿ ಏನೇನಿದೆ? ಅದಕ್ಕೆ ಉತ್ತರ ಹೇಳಬೇಕಾದವರು ರಸಾಯನ ವಿಜ್ಞಾನಿಗಳು.

ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ರಾಬರ್ಟ್ ಬುನ್ಸೆನ್ ಅಂಥವರಲ್ಲಿ ಒಬ್ಬರು. ಹಿಂದೆ ಸ್ಫೋಟವೊಂದರಲ್ಲಿ ಬಲಗಣ್ಣಿನ ದೃಷ್ಟಿ ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವರು ಜ್ವಾಲೆಯ ಬಣ್ಣ ನೋಡಿ ಲವಣಗಳನ್ನು ಗುರುತಿಸಲು ಯತ್ನಿಸುತ್ತಿದ್ದರು. ತೊಡಕು ಸೋಡಿಯಂನದು. ಎಳ್ಳಷ್ಟಿದ್ದರೂ ಸಾಕು, ಅದರ ಹಳದಿ ಮಿಕ್ಕ ಬಣ್ಣಗಳನ್ನೆಲ್ಲ ನುಂಗಿಬಿಡುತ್ತದೆ. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿ ಎಂದವರು ಸಹೋದ್ಯೋಗಿ ಗುಸ್ತಾವ್ ಕಿರ್ಚಾಫ್. 1859ರಲ್ಲಿ ಇಬ್ಬರೂ ಸೇರಿ ರೋಹಿತದರ್ಶಕವನ್ನು ಕಟ್ಟಿದರು. ಕಲಸಿಹೋಗಿದ್ದ ಬಣ್ಣ ಬಿಡಿಬಿಡಿ ಗೆರೆಗಳಾಗಿ ತೆರೆದುಕೊಂಡಿತು; ಪ್ರತಿ ಧಾತುವಿಗೂ ಅದರದೇ ಗೆರೆಗಳು, ಅವುಗಳದೇ ಜಾಗ.

1860ರಲ್ಲಿ ಡ್ಯುರ್ಕ್‌ಹೈಮ್‌ನ ನೀರು ಆ ಉಪಕರಣದ ಮುಂದೆ ಬಂತು. ನೀರನ್ನು ಇಂಗಿಸಿ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಮೆಗ್ನೀಸಿಯಂಗಳನ್ನು ಬೇರ್ಪಡಿಸಿ, ಲಿಥಿಯಂ ಅನ್ನೂ ಆದಷ್ಟು ತೆಗೆದು, ಉಳಿದ ದ್ರಾವಣದ ಹನಿಯನ್ನು ಜ್ವಾಲೆಗೆ ಹಿಡಿದರು. ಪರಿಚಿತ ಗೆರೆಗಳ ಜೊತೆಗೆ ಒಂದರ ಪಕ್ಕ ಒಂದು, ಎರಡು ನೀಲಿ ಗೆರೆಗಳು. ಆವರೆಗೆ ಗೊತ್ತಿದ್ದ ಯಾವ ಧಾತುವೂ ಆ ಜಾಗದಲ್ಲಿ ಅಂಥ ಗೆರೆ ಕೊಡುತ್ತಿರಲಿಲ್ಲ. ಹೊಸ ಧಾತುವಿಗೆ ಸೀಸಿಯಂ ಎಂದು ಹೆಸರಿಟ್ಟರು. ಕೈಗೆ ಸಿಗುವ ಮೊದಲೇ, ಬರಿಯ ಬೆಳಕಿನ ಗುರುತಿನಿಂದ ಪತ್ತೆಯಾದ ಮೊದಲ ಧಾತು ಅದು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಧೈರ್ಯದ ಮಾತು ಅಪರೂಪ ಎನಿಸುತ್ತದೆ ನನಗೆ.

ಆದರೆ ಬುನ್ಸೆನ್‌ಗೆ ಗೆರೆಗಳಷ್ಟೇ ಸಾಲಲಿಲ್ಲ. ವಸ್ತುವನ್ನು ತೂಗಿ ನೋಡಬೇಕಿತ್ತು. ಅದಕ್ಕಾಗಿ ಸುಮಾರು 44 ಟನ್ ಬುಗ್ಗೆನೀರನ್ನು ಇಂಗಿಸಲಾಯಿತು. ಕೊನೆಗೆ ಸಿಕ್ಕಿದ ಸೀಸಿಯಂ ಕ್ಲೋರೈಡ್ ಏಳು ಗ್ರಾಂ ಚಿಲ್ಲರೆ. ಅದೇ ನೀರಿನಿಂದ ಒಂಬತ್ತು ಗ್ರಾಂನಷ್ಟು ರುಬಿಡಿಯಂ ಕ್ಲೋರೈಡ್ ಕೂಡ ಬಂತು. ಈ ಎರಡನೆಯ ಧಾತುವನ್ನು ಅವರಿಬ್ಬರೂ 1861ರಲ್ಲಿ ಲೆಪಿಡೋಲೈಟ್ ಎಂಬ ಖನಿಜದಲ್ಲಿ ಗುರುತಿಸಿದ್ದರು.

ಡ್ಯುರ್ಕ್‌ಹೈಮ್‌ನಲ್ಲಿ ಮಿಂದವರಿಗೆ ಹಿತವಾಗಿದ್ದರೆ ಅದರ ಶ್ರೇಯವನ್ನು ಸೀಸಿಯಂಗೆ ಕೊಡುವಂತಿಲ್ಲ. ಒಂದು ಲೀಟರ್ ನೀರಿನಲ್ಲಿ ಅದು ಮಿಲಿಗ್ರಾಂನ ಐದನೆಯ ಒಂದು ಭಾಗದಷ್ಟೂ ಇರಲಿಲ್ಲ. ಆದರೂ ಗುಣವಾಗಲಿ ಎಂದು ದೂರದಿಂದ ಬಂದ ಆ ಜನರ ನಂಬಿಕೆಯನ್ನು ನಾನು ಈ ಕತೆಯಿಂದ ಹೊರಗಿಡಲಾರೆ. ಅವರು ಹುಡುಕಿ ಬರದಿದ್ದರೆ ಉಪ್ಪುನೀರಿನ ಬುಗ್ಗೆಗಳನ್ನು ಇಷ್ಟು ಸೂಕ್ಷ್ಮವಾಗಿ ಯಾರು ಶೋಧಿಸುತ್ತಿದ್ದರು?

ಸೀಸಿಯಂ ಅನ್ನು ಶುದ್ಧ ಲೋಹವಾಗಿ ಪಡೆಯಲು ಬುನ್ಸೆನ್‌ಗೆ ಆಗಲಿಲ್ಲ. 1882ರಲ್ಲಿ ಕಾರ್ಲ್ ಸೆಟರ್‌ಬರ್ಗ್ ವಿದ್ಯುದ್ವಿಭಜನೆಯಿಂದ ಅದನ್ನು ಸಾಧಿಸಿದರು. 28.5 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ, ಹೊಂಬಣ್ಣದ ಮೆತ್ತನೆಯ ಲೋಹ ಅದು.