ಹಲ್ಲಿನ ಕೀವು ಹಬ್ಬ ಕಳೆಯುವವರೆಗೆ ಕಾಯುವುದಿಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ನಮಗೆ ಪರಿಚಯದ ಖಾಲಾ ಒಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಗಂಡ ತೀರಿಕೊಂಡು ವರ್ಷಗಳೇ ಆದವು. ಮಂಡಕ್ಕಿ ಜರಡಿ ಹಿಡಿದು ಚೀಲ ತುಂಬುವ ಕೆಲಸದಿಂದಲೇ ಮೂವರು ಮಕ್ಕಳನ್ನು ಬೆಳೆಸಿದರು. ಸಕ್ಕರೆ ಕಾಯಿಲೆಯೂ ಇದೆ. ರಮಝಾನ್‌ಗೆ ಹತ್ತು ದಿನ ಇದೆ ಎನ್ನುವಾಗ ನಾನು ಅವರ ಮನೆಗೆ ಹೋಗಿದ್ದೆ. ಖಾಲಾ ದುಪಟ್ಟಾದ ಸೆರಗಿನಿಂದ ಬಲಗೆನ್ನೆ ಮುಚ್ಚಿಕೊಂಡೇ ಚಹಾ ತಂದಿಟ್ಟರು. ತಾವು ಕುಡಿಯಲಿಲ್ಲ. ಯಾಕೆ ಎಂದು ಕೇಳಿದರೆ ಮೊದಲು ಏನೂ ಇಲ್ಲವೆಂದರು. ಸೊಸೆ ಒಳಗಿನಿಂದಲೇ ಹೇಳಿದಳು, "ಒಂದೂವರೆ ತಿಂಗಳಾಯ್ತು ಆಪಾ, ರಾತ್ರಿ ಎಲ್ಲಾ ಕೂತೇ ಇರ್ತಾರೆ."

ಸೆರಗು ಸರಿಸಿದಾಗ ಕೆಳದವಡೆಯ ಬದಿ ಲಿಂಬೆಹಣ್ಣಿನಷ್ಟು ಊದಿತ್ತು.

"ಈದ್ ಆಗಲಿ ಬೇಟಿ, ಆಮೇಲೆ ನೋಡೋಣ. ಈಗ ಕೈಯಲ್ಲಿ ಅಷ್ಟು ದುಡ್ಡಿಲ್ಲ" ಎಂದರು ಖಾಲಾ.

ಅಷ್ಟು ಎಂದರೆ ಎಷ್ಟು? ತಿಂಗಳ ಹಿಂದೆ ಒಂದು ಕ್ಲಿನಿಕ್ಕಿಗೆ ಹೋಗಿದ್ದರಂತೆ. ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕಬೇಕು, ಒಂಬತ್ತು ಸಾವಿರ ಆಗುತ್ತದೆ ಎಂದು ಅಲ್ಲಿ ಹೇಳಿದರು. ಖಾಲಾ ಎದ್ದು ಬಂದರು. ಹಲ್ಲನ್ನು ಕಿತ್ತುಬಿಟ್ಟರೆ ಎಷ್ಟಾಗುತ್ತದೆ ಎಂದು ಅವರು ಕೇಳಲಿಲ್ಲ, ಅಲ್ಲಿಯವರು ಹೇಳಲೂ ಇಲ್ಲ. ಹಲ್ಲಿನ ಕೆಲಸ ಎಂದರೆ ಒಂಬತ್ತು ಸಾವಿರ ಎಂಬುದಷ್ಟೇ ಅವರ ತಲೆಯಲ್ಲಿ ಉಳಿಯಿತು. ಅಂದಿನಿಂದ ಲವಂಗ, ಉಪ್ಪುನೀರು ಮತ್ತು ಮೆಡಿಕಲ್ ಶಾಪಿನ ಮಾತ್ರೆಗಳಲ್ಲೇ ದಿನ ದೂಡುತ್ತಿದ್ದರು.

ಇದು ಒಬ್ಬ ಖಾಲಾರ ಕಥೆಯಲ್ಲ. ನಮ್ಮ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಆ ರಾತ್ರಿಯೇ ಆಟೋ ಹತ್ತುತ್ತೇವೆ. ಮನೆಯ ಗಂಡಸಿಗೆ ಎದೆ ಉರಿ ಎಂದರೆ ಇಸಿಜಿ ಮಾಡಿಸುತ್ತೇವೆ. ತಾಯಿಯ ಹಲ್ಲು ಮಾತ್ರ ಪಟ್ಟಿಯ ಕೊನೆಯಲ್ಲಿರುತ್ತದೆ. ಶಾಲೆ ಫೀಸು, ಗ್ಯಾಸ್, ಮದುವೆಯ ಮುಯ್ಯಿ, ಹಬ್ಬದ ಬಟ್ಟೆ ಎಲ್ಲ ಮುಗಿದ ಮೇಲೆ ಅದರ ಸರದಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಸಹೋದರರೂ ಈ ವಿಷಯದಲ್ಲಿ ಕಡಿಮೆಯೇನಲ್ಲ. ಅಲ್ಲಿ ಹಲ್ಲಿನ ಖರ್ಚು ದುಬಾರಿ ಎಂದು ಎರಡು ವರ್ಷದ ನೋವನ್ನು ಊರಿನ ರಜೆಗೆಂದು ಕಟ್ಟಿಕೊಂಡು ಬರುವವರು ಬೇಕಾದಷ್ಟಿದ್ದಾರೆ.

ನೋವು ನಿಂತಾಗಲೇ ಭಯಪಡಬೇಕು

ಹಲ್ಲಿನೊಳಗೆ ನರ ಮತ್ತು ರಕ್ತನಾಳಗಳಿರುವ ಮೆತ್ತಗಿನ ಭಾಗವೊಂದಿದೆ. ಹುಳುಕು ಆ ಭಾಗ ಮುಟ್ಟಿದಾಗ ಚಹಾ ಕುಡಿದರೂ ನೋವು, ತಣ್ಣೀರು ಕುಡಿದರೂ ನೋವು. ಮಲಗಿದರೆ ಇನ್ನೂ ಹೆಚ್ಚು. ಕೆಲವು ದಿನಗಳ ನಂತರ ಈ ನೋವು ಇದ್ದಕ್ಕಿದ್ದಂತೆ ನಿಂತುಹೋಗುವುದುಂಟು. ಅಲ್‌ಹಮ್ದುಲಿಲ್ಲಾಹ್, ವಾಸಿಯಾಯಿತು ಎಂದು ನಾವು ಸುಮ್ಮನಾಗುತ್ತೇವೆ. ನಿಜವಾಗಿ ಒಳಗಿನ ನರ ಸತ್ತಿರುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಎಲುಬಿನಲ್ಲಿ ಕೀವು ಕಟ್ಟತೊಡಗುತ್ತದೆ. ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತದೆ, ಬಾಯಿ ಕಹಿಯಾಗುತ್ತದೆ, ಆಮೇಲೆ ಮತ್ತೆ ಗುಳ್ಳೆ. ಖಾಲಾರಿಗೂ ಹೀಗೆಯೇ ಆಗಿತ್ತು. ನಡುವೆ ಎರಡು ವಾರ ಆರಾಮ ಇತ್ತು ಎಂದು ಅವರೇ ಹೇಳಿದರು.

ಮಾತ್ರೆ ತಿಂದರೆ ಊತ ಇಳಿಯುತ್ತದಲ್ಲವೇ ಎಂದು ನೀವು ಕೇಳಬಹುದು. ಇಳಿಯುತ್ತದೆ, ಆದರೆ ಮತ್ತೆ ಬರುತ್ತದೆ. ಸತ್ತ ಹಲ್ಲಿನೊಳಗೆ ರಕ್ತಸಂಚಾರ ಇಲ್ಲದ ಕಾರಣ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದೇ ಇಲ್ಲ. ರೋಗದ ಬೀಡು ಹಾಗೆಯೇ ಉಳಿಯುತ್ತದೆ. ರೂಟ್ ಕೆನಾಲ್ ಮಾಡಿ ಹಲ್ಲಿನ ಒಳಗನ್ನು ಸ್ವಚ್ಛಗೊಳಿಸಬೇಕು, ಇಲ್ಲವೇ ಹಲ್ಲನ್ನು ಕೀಳಬೇಕು. ಮೂರನೆಯ ದಾರಿ ಇಲ್ಲ. ಉಳಿಸಬಹುದಾದ ಹಲ್ಲನ್ನು ಉಳಿಸಿಕೊಳ್ಳುವುದೇ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಹಲ್ಲು ಹೋದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ, ಜಗಿಯುವುದು ಒಂದೇ ಬದಿಗೆ ಬೀಳುತ್ತದೆ. ಆದರೆ ರೂಟ್ ಕೆನಾಲ್‌ಗೆ ಹಣವಿಲ್ಲ ಎಂಬ ಕಾರಣಕ್ಕೆ ಕೀವು ತುಂಬಿದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಕೂರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಕಿತ್ತ ಜಾಗಕ್ಕೆ ಹಲ್ಲು ಕಟ್ಟಿಸುವುದನ್ನು ಮುಂದೆ ಕೈ ಕೂಡಿದಾಗ ಮಾಡಬಹುದು.

ಮನೆಮದ್ದಿನ ಬಗ್ಗೆ ಒಂದು ಮಾತು. ಲವಂಗದ ಎಣ್ಣೆಯಿಂದ ಸ್ವಲ್ಪ ಹೊತ್ತು ನೋವು ಮರೆಯಬಹುದು, ಅಷ್ಟೇ. ಹೊಗೆಸೊಪ್ಪು ಒತ್ತಿಡುವುದು, ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬುಡದಲ್ಲಿಡುವುದು ಬೇಡ, ವಸಡು ಸುಟ್ಟುಹೋಗುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖವನ್ನೂ ಕೊಡಬೇಡಿ, ಕೀವು ಚರ್ಮದ ಕಡೆಗೆ ದಾರಿ ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇದ್ದವರ ಕಿಡ್ನಿಗೂ ಪೆಟ್ಟು.

ಇನ್ನು ಕಾಯಲೇಬಾರದ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದಿರುವುದು, ಉಗುಳು ನುಂಗಲು ಕಷ್ಟ, ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿಕೊಳ್ಳುವುದು, ನಾಲಿಗೆ ಮೇಲಕ್ಕೆ ಎತ್ತಿದಂತಾಗುವುದು, ಊತದಿಂದ ಕಣ್ಣು ಮುಚ್ಚಿಹೋಗುವುದು, ಚಳಿಜ್ವರ. ಗದ್ದದ ಕೆಳಗಿನ ಈ ಊತವನ್ನು 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು ವಿವರಿಸಿದ್ದರು, ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಹೆಚ್ಚಾಗಿ ಅದರ ಮೂಲ ಕೆಳದವಡೆಯ ಒಂದು ಹುಳುಕು ಹಲ್ಲು. ಹೀಗಾದರೆ ದಂತ ಕ್ಲಿನಿಕ್ ತೆರೆಯುವವರೆಗೆ ಕಾಯದೆ, ರಾತ್ರಿಯಾದರೂ ಸರಿ, ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು.

ವಿಮೆ ಇದ್ದರೂ ಇಲ್ಲದಂತೆಯೇ

ನಮ್ಮಲ್ಲಿ ಆರೋಗ್ಯ ವಿಮೆ ಮಾಡಿಸಿದವರಿಗೂ ಹಲ್ಲಿನ ವಿಷಯದಲ್ಲಿ ಅದು ಉಪಯೋಗಕ್ಕೆ ಬರುವುದು ಅಪರೂಪ. ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ಸೇರಿದಾಗಿನ ಖರ್ಚು ಕೊಡುತ್ತವೆ. ಹಲ್ಲಿನ ಚಿಕಿತ್ಸೆಯನ್ನು, ಅಪಘಾತದ ಪೆಟ್ಟು ಹೊರತುಪಡಿಸಿ, ಬಹುತೇಕ ಬದಿಗಿಡುತ್ತವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಮುಖ್ಯವಾಗಿ ದೊಡ್ಡ ಚಿಕಿತ್ಸೆಗಳಿಗಾಗಿ ಇರುವಂಥದ್ದು. ಆದರೂ ಮೇಲೆ ಹೇಳಿದಂತೆ ಊತ ಕುತ್ತಿಗೆಗೆ ಇಳಿದು ಆಸ್ಪತ್ರೆಗೆ ಸೇರಬೇಕಾದರೆ ಆ ಕಾರ್ಡು ಮತ್ತು ರೇಷನ್ ಕಾರ್ಡು ಜೊತೆಗಿರಲಿ. ಮನೆಯಲ್ಲಿ ಯಾರಾದರೂ ಕಾರ್ಖಾನೆಗೋ ಶೋರೂಮಿಗೋ ಹೋಗುತ್ತಿದ್ದು ಸಂಬಳದಲ್ಲಿ ಇ.ಎಸ್.ಐ. ಕಡಿತ ಆಗುತ್ತಿದ್ದರೆ ಮಾತ್ರ ಮರೆಯಬೇಡಿ. 2017ರಲ್ಲಿ ಅದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಅವಲಂಬಿತ ಹೆಂಡತಿ, ಮಕ್ಕಳು, ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ, ಹಲ್ಲಿನ ಚಿಕಿತ್ಸೆಯೂ ಸೇರಿ. ಕಾರ್ಡು ಗಂಡನ ಪರ್ಸಿನಲ್ಲೇ ಇರುತ್ತದೆ, ಹೆಂಡತಿಗೆ ಗೊತ್ತೇ ಇರುವುದಿಲ್ಲ.

ಹಾಗಾದರೆ ಏನೂ ಇಲ್ಲದವರು ಎಲ್ಲಿಗೆ ಹೋಗಬೇಕು?

ಮೊದಲನೆಯದು ಸರಕಾರಿ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗ ಇದೆ. ಹಲ್ಲು ಕೀಳುವುದು ಅಲ್ಲಿನ ದಿನನಿತ್ಯದ ಕೆಲಸ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಸಾಲು ಇರುತ್ತದೆ, ಅದೊಂದು ಸಹಿಸಿಕೊಳ್ಳಬೇಕು.

ಎರಡನೆಯದು ದಂತ ಕಾಲೇಜು. ನಮ್ಮ ರಾಜ್ಯದಷ್ಟು ದಂತ ಕಾಲೇಜುಗಳಿರುವ ರಾಜ್ಯಗಳು ದೇಶದಲ್ಲಿ ಕಡಿಮೆ. ಬೆಂಗಳೂರಿನಲ್ಲಿ, ಬಳ್ಳಾರಿಯಲ್ಲಿ ಸರಕಾರಿ ಕಾಲೇಜುಗಳಿವೆ. ಕಲಬುರಗಿಯಲ್ಲಿ ಇ.ಎಸ್.ಐ.ಯದ್ದೇ ಇದೆ. ದಾವಣಗೆರೆಯಲ್ಲಿ 1979ರಿಂದ ದಂತ ಕಾಲೇಜಿದೆ, ಈಗ ಎರಡಿವೆ. ಮಂಗಳೂರು, ಮಣಿಪಾಲ, ಸುಳ್ಯ, ಮೈಸೂರು, ಹಾಸನ, ತುಮಕೂರು, ಶಿವಮೊಗ್ಗ, ಧಾರವಾಡ, ಬೆಳಗಾವಿ, ವಿಜಯಪುರ, ಹೀಗೆ ಬಹಳ ಊರುಗಳಲ್ಲಿ ಖಾಸಗಿ ಕಾಲೇಜುಗಳಿವೆ. ವಿದ್ಯಾರ್ಥಿಗಳು ಕಲಿಯಲು ರೋಗಿಗಳು ಬೇಕು, ಆದ್ದರಿಂದ ಖಾಸಗಿ ಕಾಲೇಜುಗಳಲ್ಲೂ ಫೀಸು ಕ್ಲಿನಿಕ್ಕುಗಳಿಗಿಂತ ಬಹಳ ಕಡಿಮೆ. ಕಲಿಯುವ ಹುಡುಗರು ನನ್ನ ದವಡೆಯಲ್ಲಿ ಪ್ರಯೋಗ ಮಾಡುತ್ತಾರೇನೋ ಎಂಬ ಹೆದರಿಕೆ ಬಹಳ ಜನರಿಗಿದೆ. ಪಕ್ಕದಲ್ಲಿ ಅಧ್ಯಾಪಕ ವೈದ್ಯರು ಇದ್ದೇ ಇರುತ್ತಾರೆ, ಕಷ್ಟದ ಹಲ್ಲಾದರೆ ಅವರೇ ಕೈ ಹಾಕುತ್ತಾರೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಈ ಕಾಲೇಜುಗಳಲ್ಲಿ ಓದುವವರಲ್ಲಿ ಹುಡುಗಿಯರೇ ಬಹಳ. ವೈದ್ಯೆ ಬೇಕೆಂದು ಕೇಳಲು ಸಂಕೋಚ ಬೇಡ.

ಖಾಸಗಿ ಕ್ಲಿನಿಕ್ಕೇ ಹತ್ತಿರವಾದರೆ ಒಳಗೆ ಹೋದ ಕೂಡಲೇ ಬಾಯಿಬಿಟ್ಟು ಕೇಳಿ: "ಡಾಕ್ಟರೇ, ಈ ಹಲ್ಲು ಉಳಿಸಲು ಎಷ್ಟು, ಕೀಳಲು ಎಷ್ಟು? ಎಕ್ಸ್‌ರೇ, ಮಾತ್ರೆ ಎಲ್ಲ ಸೇರಿ ಹೇಳಿ." ತರಕಾರಿ ಕೊಳ್ಳುವಾಗ ನಾಲ್ಕು ಅಂಗಡಿ ವಿಚಾರಿಸುವ ನಾವು ಇಲ್ಲಿ ಮಾತ್ರ ನಾಚುತ್ತೇವೆ. ಸಂತೆಯಲ್ಲೋ ಬಸ್ ನಿಲ್ದಾಣದ ಬಳಿಯೋ ಚೂರುಪಾರು ಹಣಕ್ಕೆ ಹಲ್ಲು ಕೀಳುವವರ ಕೈಗೆ ಮಾತ್ರ ಬಾಯಿ ಕೊಡಬೇಡಿ. 1948ರ ಕಾಯಿದೆಯ ಕಾಲದಿಂದಲೂ ನೋಂದಣಿ ಇಲ್ಲದವರು ಈ ವೃತ್ತಿ ಮಾಡುವಂತಿಲ್ಲ. ಅವರ ಇಕ್ಕಳ ಸರಿಯಾಗಿ ಶುದ್ಧಿಯಾಗಿರದಿದ್ದರೆ ಹೆಪಟೈಟಿಸ್‌ನಂಥ ರೋಗ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ದಾಟುತ್ತದೆ.

ಖಾಲಾರ ಹಲ್ಲು

ಮರುದಿನ ಬೆಳಿಗ್ಗೆಯೇ ಖಾಲಾರನ್ನು ಆಟೋದಲ್ಲಿ ನಗರದ ಒಂದು ದಂತ ಕಾಲೇಜಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರಿಗೆ ಎರಡು ಚಿಂತೆ. ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದಂತೆ ಎಂಬುದು ಒಂದು. ಅದನ್ನು ಅಲ್ಲಿನ ಹುಡುಗಿ ಡಾಕ್ಟರ್ ನಗುತ್ತಲೇ ಪರಿಹರಿಸಿದಳು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಕಾಗದದ ಮೇಲೆ ಗೀಚಿ ತೋರಿಸಿದಳು. ವಯಸ್ಸಾದಂತೆ ಹಲ್ಲೂ ಹೋಗುತ್ತದೆ, ಕಣ್ಣೂ ಮಂಜಾಗುತ್ತದೆ. ಜನ ಎರಡನ್ನೂ ಗಂಟುಹಾಕಿದ್ದಾರೆ.

ಎರಡನೆಯ ಚಿಂತೆ ರಮಝಾನ್‌ನದ್ದು. ಚಿಕಿತ್ಸೆ ಉಪವಾಸದ ನಡುವೆ ಬಂದರೆ? ಬಹಳ ಸಹೋದರಿಯರು ಇದೇ ಕಾರಣಕ್ಕೆ ಒಂದು ತಿಂಗಳು ನೋವು ನುಂಗುತ್ತಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಇದನ್ನು ಚರ್ಚಿಸಿದ್ದರು. ಗಂಟಲಿಗೆ ಇಳಿಯುವುದನ್ನು ನುಂಗದಂತೆ ಎಚ್ಚರ ವಹಿಸಿದರೆ ಹಲ್ಲು ಕೀಳಿಸುವುದರಿಂದ ಉಪವಾಸ ಭಂಗವಾಗದು, ಪೋಷಕಾಂಶ ನೀಡದ ಚಿಕಿತ್ಸೆಯ ಚುಚ್ಚುಮದ್ದಿನಿಂದಲೂ ಭಂಗವಾಗದು ಎಂಬುದು ಅವರ ನಿರ್ಣಯ. ಸಾಧ್ಯವಾದರೆ ಇಫ್ತಾರ್ ನಂತರದ ಸಮಯ ಕೇಳಿಕೊಳ್ಳಬಹುದು. ಆಂಟಿಬಯಾಟಿಕ್ ಮಾತ್ರೆ ಎಂಟು ಗಂಟೆಗೊಮ್ಮೆ ಎಂದಿದ್ದರೆ ಸಹರಿ-ಇಫ್ತಾರ್‌ಗೆ ಹೊಂದುವ ಬೇರೆ ಮಾತ್ರೆ ಇದೆಯೇ ಎಂದು ವೈದ್ಯರನ್ನೇ ವಿಚಾರಿಸಬೇಕು. ಕಾಯಿಲೆ ಬಿದ್ದವರಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯಂತೂ ಅಲ್ಲಾಹನೇ ಕೊಟ್ಟದ್ದು.

ಕುರ್ಚಿಯಲ್ಲಿ ಕೂರಿಸುವ ಮೊದಲು ಒಂದಿಷ್ಟು ಪ್ರಶ್ನೆ ಕೇಳಿದರು. ಇವುಗಳಿಗೆ ಮುಚ್ಚುಮರೆ ಇಲ್ಲದೆ ಉತ್ತರಿಸಬೇಕು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕವಾಟದ ತೊಂದರೆ, ರಕ್ತ ತೆಳುವಾಗಲು ತೆಗೆದುಕೊಳ್ಳುವ ಮಾತ್ರೆ, ಎಲುಬು ಸವೆತದ ಮಾತ್ರೆ, ಯಾವುದಾದರೂ ಔಷಧದ ಅಲರ್ಜಿ, ಗರ್ಭಿಣಿಯಾಗಿದ್ದರೆ ಎಷ್ಟನೇ ತಿಂಗಳು. ರಕ್ತ ತೆಳುವಾಗುವ ಮಾತ್ರೆಯನ್ನು ನೀವೇ ನಿಲ್ಲಿಸಿ ಹೋಗಬೇಡಿ. ಬಸುರಿಗೆ ಹಲ್ಲು ಕೀಳಲೇಬಾರದು ಎಂಬುದೂ ತಪ್ಪು. ನಾಲ್ಕರಿಂದ ಆರನೆಯ ತಿಂಗಳು ಅನುಕೂಲದ ಸಮಯ, ಕೀವಾಗಿದ್ದರೆ ಯಾವ ತಿಂಗಳಲ್ಲೂ ವೈದ್ಯರಿಗೆ ತೋರಿಸಲೇಬೇಕು.

ಖಾಲಾರ ಶುಗರ್ 280 ಇತ್ತು. ಸೋಂಕಿನಿಂದ ಸಕ್ಕರೆ ಏರುತ್ತದೆ, ಸಕ್ಕರೆ ಏರಿದ್ದರಿಂದ ಸೋಂಕು ಇಳಿಯುವುದಿಲ್ಲ. ಅಂದು ಹಲ್ಲು ಕೀಳಲಿಲ್ಲ. ಅಷ್ಟು ಕೀವಿರುವಲ್ಲಿ ಜೋಮು ಹಿಡಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದು ಎಂದು ವಸಡು ಸೀಳಿ ಕೀವು ತೆಗೆದರು, ಐದು ದಿನದ ಮಾತ್ರೆ ಕೊಟ್ಟರು, ಶುಗರ್ ಮಾತ್ರೆಯನ್ನು ತಪ್ಪಿಸದಂತೆ ಗದರಿಸಿದರು. ಆ ರಾತ್ರಿ ಖಾಲಾ ಒಂದೂವರೆ ತಿಂಗಳ ನಂತರ ಮಲಗಿ ನಿದ್ದೆ ಮಾಡಿದರು. ಆರನೆಯ ದಿನ ಹಲ್ಲು ಬಂತು. ಇಂಜೆಕ್ಷನ್ನಿನ ಚುಚ್ಚಿದ ನೋವು, ಆಮೇಲೆ ಎಳೆದ ಅನುಭವ, ನೋವಲ್ಲ ಎಂದರು. ಕೂತದ್ದು ಇಪ್ಪತ್ತು ನಿಮಿಷ.

ಮನೆಗೆ ಬಂದ ಮೇಲಿನ ಪಥ್ಯ ಸುಲಭ. ಬಾಯಲ್ಲಿಟ್ಟ ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಆ ದಿನ ಪದೇ ಪದೇ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಏನನ್ನೂ ಹೀರಬಾರದು. ವುಝೂ ಮಾಡುವಾಗಲೂ ನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ ಹಾಗೆಯೇ ಬೀಳಬಿಡಿ. ರಕ್ತ ಹೆಪ್ಪುಗಟ್ಟಿದ್ದೇ ಆ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಮೂರು ನಾಲ್ಕು ದಿನದ ಮೇಲೆ ಎಲುಬಿನ ಭಯಂಕರ ನೋವು ಶುರುವಾಗುತ್ತದೆ. ತಣ್ಣಗಿನ ಗಂಜಿ, ಮೊಸರನ್ನ ಸಾಕು. ಎಲೆಅಡಿಕೆ ತಿನ್ನುವವರು ಒಂದು ವಾರ ಡಬ್ಬಿ ಮುಚ್ಚಿಡಬೇಕು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಎರಡು ದಿನ ಕಳೆದ ಮೇಲೂ ಊತ, ಜ್ವರ ಹೆಚ್ಚುತ್ತಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಮತ್ತೆ ಅಲ್ಲಿಗೇ ಹೋಗಬೇಕು.

ರಮಝಾನ್‌ನ ಮೊದಲ ವಾರ ಅವರ ಮನೆಯಲ್ಲಿ ಇಫ್ತಾರ್‌ಗೆ ಕೂತಿದ್ದಾಗ ಲೆಕ್ಕ ಹಾಕಿದೆವು. ಚೀಟಿ, ಎಕ್ಸ್‌ರೇ, ಹಲ್ಲು ಕಿತ್ತದ್ದು, ಮಾತ್ರೆ, ಎರಡು ಸಲದ ಆಟೋ ಎಲ್ಲ ಸೇರಿ 860 ರೂಪಾಯಿ. ಅದರಲ್ಲಿ ಆಟೋಗೇ 320. ಸೊಸೆ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಸುರಿದಳು. ಒಂದೂವರೆ ತಿಂಗಳಲ್ಲಿ ಖಾಲಾ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳು. ಅವುಗಳ ಮೇಲಿದ್ದ ಬೆಲೆ ಕೂಡಿಸಿದರೆ ಸಾವಿರದ ನೂರು ದಾಟಿತು. ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿಯನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಖಾಲಾ ಏನೂ ಹೇಳಲಿಲ್ಲ. ಖರ್ಜೂರದ ಬೀಜ ತೆಗೆದು ಎಡಬದಿಗೆ ಇಟ್ಟುಕೊಂಡು ನಿಧಾನವಾಗಿ ಜಗಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಬಾಯಿ ತೆಗಿ ನೋಡೋಣ, ತಣ್ಣೀರು ಕುಡಿದಾಗೆಲ್ಲ ನೀನೂ ಕೆನ್ನೆ ಹಿಡ್ಕೋತೀಯಲ್ಲ" ಎಂದರು. ಸೋಮವಾರಕ್ಕೆ ಆಟೋ ಹೇಳಿಯಾಗಿದೆ.