ಭಾರತದ ರೂಪಾಯಿ: ಇತಿಹಾಸ, ಲಕ್ಷಣಗಳು ಮತ್ತು ಖೋಟಾ ನೋಟಿನ ಪ್ರಶ್ನೆ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ‘ಪ್ರತಿರೂಪಕ ವ್ಯವಹಾರ’. ಕೃತಕ ಚಿನ್ನ ಮೊದಲಾದವುಗಳಿಂದ ವಂಚಿಸಿ ವ್ಯಾಪಾರ ಮಾಡುವುದು ಎಂದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ಅದನ್ನು ವಿವರಿಸುತ್ತದೆ. ಗೊತ್ತಿದ್ದೂ ಖೋಟಾ ನೋಟನ್ನು ಇನ್ನೊಬ್ಬರಿಗೆ ಸಾಗಹಾಕುವುದು ಇದೇ ಸಾಲಿಗೆ ಸೇರುತ್ತದೆ. ಅಂಗಡಿ, ಅಡಕೆ ಮಂಡಿ, ಬಸದಿಯ ಕಾಣಿಕೆ ಹುಂಡಿ, ಎಲ್ಲೇ ನೋಟು ಕೈ ಬದಲಾದರೂ ಈ ಪ್ರಶ್ನೆ ಎದುರಾಗಬಹುದು.

‘ರೂಪ್ಯ’ ಎಂದರೆ ಸಂಸ್ಕೃತದಲ್ಲಿ ಮುದ್ರೆ ಒತ್ತಿದ್ದು, ಬೆಳ್ಳಿ. ರೂಪಾಯಿ ಆ ಮಾತಿನಿಂದ ಬಂದದ್ದು. ಇಂದಿನ ರೂಪಾಯಿಯ ಮೂಲವನ್ನು ಶೇರ್ ಷಾ ಸೂರಿ (1540-45) ಹೊರಡಿಸಿದ ಬೆಳ್ಳಿ ನಾಣ್ಯದಲ್ಲಿ ಗುರುತಿಸುತ್ತಾರೆ. ಅದರ ತೂಕ 178 ಗ್ರೇನ್, ಅಂದರೆ ಸುಮಾರು ಹನ್ನೊಂದೂವರೆ ಗ್ರಾಂ. ಆಗ ಕನ್ನಡ ನಾಡಿನಲ್ಲಿ ಚಲಾವಣೆಯಲ್ಲಿದ್ದುದು ವಿಜಯನಗರದ ಚಿನ್ನದ ವರಹ ಮತ್ತು ಹಣ. ಆ ಪುಟ್ಟ ಚಿನ್ನದ ನಾಣ್ಯದ ಹೆಸರೇ ಇಂದಿಗೂ ದುಡ್ಡಿಗೆ ಉಳಿದಿದೆ.

ನಾಣ್ಯದ ಬೆಲೆ ಅದರ ಲೋಹದಲ್ಲಿದ್ದ ಕಾಲದಲ್ಲಿ ಪರೀಕ್ಷೆಯೇ ಒಂದು ವಿದ್ಯೆ. ಶೇರ್ ಷಾನಿಗಿಂತ ಎರಡು ಶತಮಾನ ಮೊದಲು ದೆಹಲಿಯ ಟಂಕಸಾಲೆಯಲ್ಲಿದ್ದ ಜೈನ ಶ್ರಾವಕ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥ ಬರೆದ. ಹಲವು ರಾಜ್ಯಗಳ ನಾಣ್ಯಗಳ ತೂಕವೆಷ್ಟು, ಅವುಗಳಲ್ಲಿ ಶುದ್ಧ ಲೋಹವೆಷ್ಟು, ವಿನಿಮಯದ ಬೆಲೆಯೆಷ್ಟು ಎಂಬುದೇ ಅದರ ವಿಷಯ. ರಾಜರ ಚರಿತ್ರೆಗಳು ಹೇಳದ ಈ ಲೆಕ್ಕಕ್ಕಾಗಿ ನಾಣ್ಯಶಾಸ್ತ್ರಜ್ಞರು ಇಂದಿಗೂ ಆ ಕೃತಿಯನ್ನು ನೋಡುತ್ತಾರೆ.

ಒಂದೊಂದು ಟಂಕಸಾಲೆಯ ರೂಪಾಯಿ ಒಂದೊಂದು ಬಗೆಯಾಗಿದ್ದುದರಿಂದ ಬದಲಾಯಿಸುವಾಗ ಸರಾಫರು ವಟ್ಟ ಹಿಡಿಯುತ್ತಿದ್ದರು. ನಾಣ್ಯ ನೋಡಿ ತಿಳಿಯದ ರೈತನಿಗೆ ಪ್ರತಿ ಸಲವೂ ನಷ್ಟ. 1835ರ ಕಾಯ್ದೆ ಕಂಪನಿಯ ಪ್ರದೇಶಗಳಿಗೆಲ್ಲ 180 ಗ್ರೇನ್, ಅಂದರೆ ಒಂದು ತೊಲದ ಒಂದೇ ರೂಪಾಯಿಯನ್ನು ತಂದಿತು. 1861ರ ಕಾಯ್ದೆಯಿಂದ ಸರ್ಕಾರಿ ನೋಟು ಬಂತು, 1935ರಲ್ಲಿ ರಿಸರ್ವ್ ಬ್ಯಾಂಕ್ ಆರಂಭವಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲ್ ಬಂತು. ಅಲ್ಲಿಂದ ಮುಂದೆ ರೂಪಾಯಿಯನ್ನು ಒರೆಗಲ್ಲಿಗೆ ತಿಕ್ಕಿ ಪ್ರಯೋಜನವಿಲ್ಲ. ಹದಿನಾರು ಆಣೆಯ ಲೆಕ್ಕ 1957ರ ಏಪ್ರಿಲ್ 1ರಂದು ನೂರು ನಯಾ ಪೈಸೆಗೆ ಬದಲಾಯಿತು. ₹ ಚಿಹ್ನೆ 2010ರದು.

ಭಗವಾನ್ ಮಹಾವೀರರ 2600ನೇ ಜನ್ಮ ಕಲ್ಯಾಣಕದ ಸ್ಮರಣೆಗೆ 2001ರಲ್ಲಿ 5 ರೂಪಾಯಿಯ ನಾಣ್ಯ ಬಂದಿತ್ತು. ಅನೇಕ ಮನೆಗಳಲ್ಲಿ ಅದು ಇನ್ನೂ ದೇವರ ಮುಂದಿದೆ. 2550ನೇ ನಿರ್ವಾಣ ಮಹೋತ್ಸವದ ಸ್ಮರಣಾರ್ಥ ನಾಣ್ಯ 2024ರ ಏಪ್ರಿಲ್ 21ರಂದು ಬಿಡುಗಡೆಯಾಯಿತು.

ಇಂದಿನ ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಕನ್ನಡದ್ದು ನಾಲ್ಕನೇ ಸಾಲು. 50 ರೂಪಾಯಿಯ ನೋಟಿನಲ್ಲಿ ಹಂಪಿಯ ಕಲ್ಲಿನ ರಥವಿದೆ. (ದಂಡನಾಯಕ ಇರುಗಪ್ಪ ಕಟ್ಟಿಸಿದ ಗಾಣಿಗಿತ್ತಿ ಬಸದಿಯೂ ಅದೇ ಹಂಪಿಯಲ್ಲಿದೆ, ನೋಡುವವರು ಕಡಿಮೆ.) ಖೋಟಾ ಹೆಚ್ಚಾಗಿ ಎದುರಾಗುವ 500ರ ನೋಟನ್ನು ಓರೆ ಮಾಡಿದರೆ ಭದ್ರತಾ ದಾರದ ಹಸಿರು ನೀಲಿಯಾಗಬೇಕು. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಮತ್ತು 500 ಅಂಕಿ ಕಾಣಬೇಕು. ಎಡಬಲ ಅಂಚುಗಳಲ್ಲಿ ಐದೈದು ಉಬ್ಬುಗೆರೆಗಳು ಬೆರಳಿಗೆ ತಾಗಬೇಕು. ಇವು ಕಣ್ಣು ಕಾಣದವರಿಗಾಗಿ ಇಟ್ಟವು. ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ.

ಅನುಮಾನ ಬಂದ ನೋಟನ್ನು ಮತ್ತೆ ಚಲಾಯಿಸದೆ ಬ್ಯಾಂಕಿಗೆ ಒಯ್ಯಬೇಕು. ಖೋಟಾ ಎಂದು ಕಂಡರೆ ಬ್ಯಾಂಕು ಅದರ ಮೇಲೆ ಮುದ್ರೆ ಒತ್ತಿ ವಶಪಡಿಸಿಕೊಂಡು ರಸೀದಿ ಕೊಡುತ್ತದೆ. ಹಣ ಮರಳಿ ಸಿಗುವುದಿಲ್ಲ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ವರದಿಯಲ್ಲಿ ಪೊಲೀಸರಿಗೆ ತಿಳಿಸುತ್ತದೆ. ಐದು ಅಥವಾ ಹೆಚ್ಚಿದ್ದರೆ ಪೊಲೀಸ್ ದೂರು ದಾಖಲಾಗುತ್ತದೆ. ಖೋಟಾ ಎಂದು ಗೊತ್ತಿದ್ದೂ ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಹುಂಡಿಯ ಹಣ ಎಣಿಸುವ ಬಸದಿ ಸಮಿತಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.